ಅಜ್ಜನ ಕೋವಿ, ನಮ್ಮ ಸ್ಕ್ರೂಡ್ರೈವರ್

ನಾವು ಮೂವರು. ಒಬ್ಬ ಭಟ್ಕಳ, ಒಬ್ಬ ಹೊನ್ನಾವರ, ಒಬ್ಬ ಕುಮಟಾ. ಮೂವರೂ ಮೆಕ್ಯಾನಿಕಲ್. ಹಾಸ್ಟೆಲ್‌ನಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ, ಯಾರದ್ದೋ ಗೇರ್ ಸೈಕಲ್ಲು, ಏನು ಕೆಟ್ಟರೂ ನಮ್ಮ ರೂಮಿಗೇ ಬರ್ತದೆ. ಹಾಗಾಗಿ ಸ್ವಲ್ಪ ಜಂಬ ಇತ್ತು. ಅದು ಇಳಿದದ್ದು ಕಳೆದ ದೀಪಾವಳಿ ರಜೆಯಲ್ಲಿ, ಕುಮಟಾದವನ ಅಜ್ಜನ ಮನೆ ಜಗಲಿಯಲ್ಲಿ.

ಸಂತೆಗುಳಿ ಕಡೆಯ ಅಡಿಕೆ ತೋಟ ಅದು. ಹಂದಿ ಕಾಟಕ್ಕೆಂದು ಅಜ್ಜನ ಹತ್ರ ಲೈಸನ್ಸ್ ಇರುವ ಕೇಪಿನ ಕೋವಿ ಇದೆ. ನಳಿಗೆಯ ಬಾಯಿಂದಲೇ ಮದ್ದು ತುಂಬುವ ಹಳೇ ಕೋವಿ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಅಜ್ಜ ಈಡು ಹೊಡೆದದ್ದಕ್ಕಿಂತ ಎಣ್ಣೆ ಒರೆಸಿದ್ದೇ ಹೆಚ್ಚು.

ಮಳೆಗಾಲ ಕಳೆದು ನೋಡಿದರೆ ಲಾಕ್ ಬಿಗಿಯಾಗಿತ್ತು. ಕೋವಿ ಖಾಲಿ ಇದೆ ಅಂತ ಅಜ್ಜ ಎರಡು ಸಲ ನೋಡಿದರು. "ಸೈಡ್ ಪ್ಲೇಟ್ ಬಿಚ್ಚಿ ಎಣ್ಣೆ ಬಿಟ್ಟರೆ ಸಾಕು ಅಜ್ಜಾ" ಅಂದೆವು ನಾವು. ಹಾಸ್ಟೆಲಿನ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದ್ದೇ, ಅದು ಸರಕ್ಕನೆ ಜಾರಿತು. ಸ್ಕ್ರೂ ತಲೆಯ ಸೀಳು ಕಿತ್ತುಹೋಯಿತು, ಪ್ಲೇಟ್ ಮೇಲೆ ಎರಡಿಂಚು ಗೀರು. ಅಜ್ಜ ಬೈಯಲಿಲ್ಲ. "ಎಂತ ಮಾಡ್ದೆ ಮಾಣಿ" ಅಂದು ಕವಳದ ಪೆಟ್ಟಿಗೆ ಎಳೆದುಕೊಂಡರು. ಬೈದಿದ್ದರೆ ಒಳ್ಳೇದಿತ್ತು. ಅದು ಅವರ ಅಪ್ಪನ ಕೋವಿ.

ಮರುವಾರ ಅಜ್ಜನ ಜೊತೆ ನಾವೂ ಲೈಸನ್ಸ್ ಇರುವ ಕೋವಿ ರಿಪೇರಿಯವರ ಹತ್ರ ಹೋದೆವು. ಅವರು ಮೊದಲು ಕೇಳಿದ್ದು, "ಬಿಚ್ಚಿದ್ದು ಯಾರು?" 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಗೂ ಲೈಸನ್ಸ್ ಬೇಕು ಅನ್ನೋದು ನಮಗೆ ಆಮೇಲೆ ಗೊತ್ತಾದದ್ದು. ಗೀರಿಗಿಂತ ಅದು ಹೆಚ್ಚು ಹೆದರಿಸಿತು. ನಮ್ಮ ಶೋಕಿಗೆ ಅಜ್ಜನ ಲೈಸನ್ಸಿಗೇ ತೊಂದರೆ ಆಗಿದ್ದರೆ?

ಅವರು ನಮ್ಮ ಸ್ಕ್ರೂಡ್ರೈವರ್ ಕೇಳಿ ತಗೊಂಡು ಬೆಳಕಿಗೆ ಹಿಡಿದರು. ತುದಿ ಬೆಣೆಯ ಹಾಗೆ ಓರೆ. ಅದು ಸೀಳಿನ ತಳ ಮುಟ್ಟೋದೇ ಇಲ್ಲ, ಬಾಯಲ್ಲಿ ಮಾತ್ರ ಕಚ್ಚಿಕೊಳ್ತದೆ. ತಿರುಗಿಸಿದ ಹಾಗೆ ಆ ಓರೆಯೇ ಅದನ್ನು ಮೇಲಕ್ಕೆ ತಳ್ತದೆ. ಅವರ ಬಿಟ್‌ಗಳ ತುದಿಯ ಎರಡೂ ಮುಖ ಸಮಾಂತರ. ಹಾಲೋ ಗ್ರೌಂಡ್ ಅಂತಾರೆ ಇದಕ್ಕೆ. ಸೀಳಿಗೆ ಇಟ್ಟು ಕೈ ಬಿಟ್ಟರೂ ನೆಟ್ಟಗೆ ನಿಲ್ಲಬೇಕು, ಅಲ್ಲಾಡಬಾರದು. ಅಗಲ ಸ್ಕ್ರೂ ತಲೆಯಷ್ಟೇ ಇರಬೇಕು. ಹೆಚ್ಚಾದರೆ ಸುತ್ತಲಿನ ಲೋಹ ಗೀರ್ತದೆ.

ಕಡಿಮೆಯಾದರೆ ಏನಾಗ್ತದೆ ಅಂತ ಹೊನ್ನಾವರದವನು ವಾಪಸ್ ಬರುವಾಗ ಬಸ್ಸಿನಲ್ಲೇ ಲೆಕ್ಕ ಹಾಕಿದ. 4 ನ್ಯೂಟನ್ ಮೀಟರ್ ಟಾರ್ಕ್, 8 ಮಿಲಿಮೀಟರ್ ಅಗಲದ ಬಿಟ್: ಒಂದೊಂದು ಅಂಚಿಗೆ ಸುಮಾರು 500 ನ್ಯೂಟನ್. ಅಗಲ 4 ಆದರೆ 1000. ಒಂದು ಕ್ವಿಂಟಾಲ್ ಭಾರ, ಕೂದಲೆಳೆಯಂಥ ಅಂಚಿನ ಮೇಲೆ! ಪರೀಕ್ಷೆಯಲ್ಲಿ ಬರೆದ ಕಪಲ್ ಇದೇ ಅಂತ ನಮಗೆ ಅವತ್ತೇ ಹೊಳೆದದ್ದು.

ಉಕ್ಕಿನ ವಿಷಯವೂ ಹಾಗೇ. ಮೆತ್ತಗಿದ್ದರೆ ಬಿಟ್ ತಿರುಚಿಕೊಳ್ತದೆ, ತೀರಾ ಗಡಸಾದರೆ ಚಕ್ಕೆ ಏಳ್ತದೆ. ಕೊಳ್ಳುವಾಗ ಎಸ್2 ಅಂತ ಇದ್ದರೆ ಒಳ್ಳೇದು, ಅದು ಪೆಟ್ಟು ತಡೆಯುವ ಟೂಲ್ ಸ್ಟೀಲ್. ಆದರೆ ಎಂಥ ಸೆಟ್ ತಂದರೂ ಹಳೇ ಕೋವಿಯ ಸೀಳು ಒಂದೊಂದು ಒಂದೊಂದು ಥರ. ಕೊನೆಗೆ ಬಿಟ್ಟನ್ನೇ ಉಜ್ಜಿ ಸೀಳಿಗೆ ಕೂರಿಸಬೇಕು. ಅವರು ಗ್ರೈಂಡರಿಗೆ ಹಿಡಿದು, ಪ್ರತಿ ಸಲ ನೀರಿಗೆ ಅದ್ದಿ ಅದ್ದಿ ಮಾಡಿದರು. ತುದಿ ನೀಲಿಯಾದರೆ ಗಡಸುತನ ಹೋಯ್ತು ಅಂತ ಅರ್ಥ.

ಸ್ಕ್ರೂಗೆ ಹಿಂದಿನ ದಿನವೇ ಎಣ್ಣೆ ಬಿಟ್ಟು ಇಡಬೇಕಿತ್ತಂತೆ. ನಮಗೆ ಹತ್ತು ನಿಮಿಷದ ತಾಳ್ಮೆಯೂ ಇರಲಿಲ್ಲ. ಅವರು ಎದ್ದ ಲೋಹವನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸಿ, ಸೀಳು ಅರದಿಂದ ಸರಿಮಾಡಿದರು. ಗೀರು ಮಾತ್ರ ಹಾಗೇ ಇದೆ.

ಯುಗಾದಿಗೆ ಮತ್ತೆ ಹೋದಾಗ ಪಂಪ್‌ಸೆಟ್ ಕೆಟ್ಟಿತ್ತು. ಅಜ್ಜ ಸ್ಕ್ರೂಡ್ರೈವರ್ ತಂದು ಕೊಟ್ಟರು. ಕೊಡುವ ಮೊದಲು ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು.