ಪಕ್ಷಾಂತರದ ಸುಖ

ಭಾರತ ಕ್ರಿಕೆಟ್ ಆಡುವಾಗ ನನಗೆ ಆಟವೇ ಕಾಣಿಸುವುದಿಲ್ಲ. ಬೇಕಾದ ರನ್ನು, ಉಳಿದ ಚೆಂಡು, ಇವೆರಡೇ ಕಣ್ಣ ಮುಂದೆ. ಎದುರಾಳಿ ಎಷ್ಟು ಚಂದದ ಕವರ್ ಡ್ರೈವ್ ಹೊಡೆದರೂ ಬಾಯಲ್ಲಿ ಬರುವುದು 'ಛೇ' ಒಂದೇ. ಕೂತ ಜಾಗ ಬಿಟ್ಟೆದ್ದರೆ ವಿಕೆಟ್ ಬೀಳುತ್ತದೆಂದು, ಕಾಲು ಜೋಮು ಹಿಡಿದರೂ ಅಲುಗಾಡದೆ ಕೂರುವ ಮನೆತನ ನಮ್ಮದು. ಗೆದ್ದರೆ ಸದ್ಯ ಬದುಕಿದೆವು ಎನಿಸುತ್ತದೆ, ಸೋತರೆ ರಾತ್ರಿ ಊಟ ಸೇರುವುದಿಲ್ಲ. ದೇಶಾಭಿಮಾನ ದೊಡ್ಡದೇ ಇರಬಹುದು, ಆದರೆ ಆಟ ನೋಡುವುದಕ್ಕೆ ಅದರಷ್ಟು ದೊಡ್ಡ ಅಡ್ಡಿ ಬೇರೆ ಇಲ್ಲ.

ಅದಕ್ಕೇ ನನಗೆ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಇಷ್ಟ. 2006ರಲ್ಲಿ ಶುರುವಾದ ಈ ರಾಷ್ಟ್ರ ತಂಡಗಳ ಪಂದ್ಯಾವಳಿಯಲ್ಲಿ 2023ರ ಹೊತ್ತಿಗೆ 20 ತಂಡಗಳಿದ್ದವು. ಜಪಾನ್, ಅಮೆರಿಕ, ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್‌ಗಳ ಜೊತೆಗೆ ಬ್ರಿಟನ್ನು, ಇಟಲಿ, ಜೆಕ್ ದೇಶದವರೂ ಇದ್ದರು. ಭಾರತದ ಹೆಸರಿರಲಿಲ್ಲ. ನಾನು ಮೊಬೈಲ್ ಹಿಡಿದು ಕೂತದ್ದು ಕಂಡು ಅಮ್ಮ ಕೇಳಿದರು: "ಇದರಲ್ಲಿ ನಮ್ಮೋರು ಯಾರೋ?"

"ಯಾರೂ ಇಲ್ಲಮ್ಮ."

"ಮತ್ತೆ ಯಾಕೋ ನೋಡ್ತಿದ್ದೀಯ?"

ನಮ್ಮವರು ಯಾರೂ ಇಲ್ಲ, ಅದಕ್ಕೇ ನೋಡುತ್ತಿದ್ದೆ. ನಮ್ಮವರಿಲ್ಲದ ಕಡೆ ಯಾರನ್ನು ಬೇಕಾದರೂ ನಮ್ಮವರನ್ನಾಗಿ ಮಾಡಿಕೊಳ್ಳಬಹುದು, ಬೇಸರವಾದರೆ ಬಿಟ್ಟುಬಿಡಬಹುದು. ಶಾಸಕರಿಗಾದರೂ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆಯ ಭಯವಿದೆ. ಪರದೇಶದ ಬೇಸ್‌ಬಾಲ್ ನೋಡುವವನಿಗೆ ಆ ಭಯವೂ ಇಲ್ಲ, ರೆಸಾರ್ಟಿಗೆ ಕರೆದೊಯ್ದು ಕಾವಲು ಕಾಯುವವರೂ ಇಲ್ಲ.

ಪಂದ್ಯಾವಳಿಯ ನಿಯಮಗಳೂ ಈ ವಿಷಯದಲ್ಲಿ ಬಹಳ ಉದಾರ. ಅಪ್ಪನೋ ಅಮ್ಮನೋ ಆ ನೆಲದಲ್ಲಿ ಹುಟ್ಟಿದ್ದರೆ ಸಾಕು, ಮಗ ಆ ದೇಶಕ್ಕೆ ಆಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಲಾರ್ಸ್ ನೂಟ್‌ಬಾರ್ 2023ರಲ್ಲಿ ಜಪಾನಿಗೆ ಆಡಿದ್ದು ಹೀಗೆ, ತಾಯಿ ಜಪಾನಿನವರಾದ್ದರಿಂದ. ಬೇಸ್ ಮುಟ್ಟಿದಾಗಲೆಲ್ಲ ಎರಡು ಮುಷ್ಟಿ ಒಂದರ ಮೇಲೊಂದಿಟ್ಟು ಮೆಣಸು ಅರೆಯುವಂತೆ ತಿರುಗಿಸುವುದು ಅವನ ಚೇಷ್ಟೆ. ಕೆಲವೇ ದಿನಗಳಲ್ಲಿ ಜಪಾನಿನ ಹುಡುಗರೆಲ್ಲ ಮೆಣಸು ಅರೆಯತೊಡಗಿದರು. ಅಲ್ಲಿನ ಶಾಲಾ ಪಂದ್ಯವೊಂದರಲ್ಲಿ ಹಾಗೆ ಮಾಡಿದ ಹುಡುಗನಿಗೆ ಅಂಪೈರ್ ಬೈದದ್ದೂ ದೊಡ್ಡ ಸುದ್ದಿಯಾಯಿತು. ಮೇಷ್ಟರ ಮನಸ್ಸಿನವರು ಎಲ್ಲ ದೇಶದಲ್ಲೂ ಇರುತ್ತಾರೆ.

ನಾನು ಮೊದಲು ಸೇರಿದ್ದು ಜೆಕ್ ಪಕ್ಷವನ್ನು. ಅವರಿಗೆ ಅದೇ ಮೊದಲ ಕ್ಲಾಸಿಕ್. ತಂಡದ ಮ್ಯಾನೇಜರ್ ಪಾವೆಲ್ ಹಾದಿಮ್ ವೃತ್ತಿಯಿಂದ ನರರೋಗ ವೈದ್ಯರು. ಪಿಚರ್ ಓಂದ್ರೆ ಸಟೋರಿಯಾ ಎಲೆಕ್ಟ್ರಿಷಿಯನ್. ಆಟಗಾರರಲ್ಲಿ ಬಹುಪಾಲು ಜನ ಹೀಗೆ ದುಡಿದು ತಿನ್ನುವವರು, ಬೇಸ್‌ಬಾಲು ಸಂಜೆಯ ಹವ್ಯಾಸ. ಅಂಥವರು ಚೀನಾದ ಎದುರು ಒಂಬತ್ತನೇ ಇನ್ನಿಂಗ್ಸ್‌ನ ಹೋಮ್ ರನ್ನಿನಿಂದ ಗೆದ್ದರು. ಮಾರನೆಯ ದಿನ, ಮಾರ್ಚ್ 11ರಂದು, ಕಿಕ್ಕಿರಿದ ಟೋಕಿಯೊ ಡೋಮ್‌ನಲ್ಲಿ ಜಪಾನಿನ ಎದುರು ನಿಂತರು. ಸಟೋರಿಯಾನ ಚೆಂಡು ನಮ್ಮ ಸ್ಪಿನ್ನರ್‌ನದಕ್ಕಿಂತ ವೇಗವಾಗಿದ್ದರೂ ಆ ಮಟ್ಟದ ಆಟಕ್ಕೆ ಬಹಳ ನಿಧಾನ. ಆ ನಿಧಾನದಲ್ಲೇ ಅವನು ಜಪಾನಿನ ಶೊಹೆಯ್ ಒಟಾನಿಯನ್ನು ಮೂರು ಸ್ಟ್ರೈಕಿಗೆ ಔಟ್ ಮಾಡಿದ. ಜಗತ್ತಿನ ಬಲು ದುಬಾರಿ ಬ್ಯಾಟುಗಳಲ್ಲೊಂದು ಎಲೆಕ್ಟ್ರಿಷಿಯನ್ ಎಸೆದ ಚೆಂಡಿಗೆ ಗಾಳಿ ಬೀಸಿ ಹಿಂದಿರುಗಿತು.

ಆ ದಿನ ಜಪಾನಿಗೆ ಪಿಚ್ ಮಾಡಿದವನು ರೊಕಿ ಸಸಾಕಿ. 2011ರ ಅದೇ ಮಾರ್ಚ್ 11ರ ಸುನಾಮಿಯಲ್ಲಿ ತಂದೆಯನ್ನೂ ಅಜ್ಜ ಅಜ್ಜಿಯನ್ನೂ ಕಳೆದುಕೊಂಡ ಹುಡುಗ. ಗಂಟೆಗೆ 162 ಕಿಲೋಮೀಟರ್ ವೇಗದ ಅವನ ಚೆಂಡೊಂದು ಜೆಕ್ ತಂಡದ ವಿಲ್ಲಿ ಎಸ್ಕಾಲಾನ ಮೊಣಕಾಲಿಗೆ ಹೋಗಿ ಬಡಿಯಿತು. ಎಸ್ಕಾಲಾ ನೆಲಕ್ಕೆ ಬಿದ್ದ. ಕೊಂಚ ಹೊತ್ತಿಗೆ ಎದ್ದು ಕುಂಟಿಕೊಂಡು ಮೊದಲ ಬೇಸಿಗೆ ಹೋದ. ಅಲ್ಲಿಂದ ಹುಲ್ಲಿನ ಮೇಲೆ ಒಂದು ಓಟ ಓಡಿ, ಏನೂ ಆಗಿಲ್ಲವೆಂದು ತೋರಿಸಿದ. ಇಡೀ ಕ್ರೀಡಾಂಗಣ ಚಪ್ಪಾಳೆ ತಟ್ಟಿತು. ಸಸಾಕಿ ಟೋಪಿ ತೆಗೆದು ತಲೆ ಬಾಗಿಸಿದ. ಅಷ್ಟಕ್ಕೇ ಬಿಡದೆ, ಕೆಲವು ದಿನಗಳ ಮೇಲೆ ಜೆಕ್ ತಂಡ ಇಳಿದಿದ್ದ ಹೋಟೆಲಿಗೆ ದೊಡ್ಡ ಚೀಲಗಳ ತುಂಬ ಸಿಹಿತಿಂಡಿ ಹೊತ್ತುಕೊಂಡು ಹೋದ. ಅವನು ಆಗ ಆಡುತ್ತಿದ್ದ ಕ್ಲಬ್ಬು ಲೊಟ್ಟೆ ಎಂಬ ಮಿಠಾಯಿ ಕಂಪನಿಯದು, ಹಾಗಾಗಿ ಚೀಲ ತುಂಬಿಸುವುದು ಕಷ್ಟವಾಗಿರಲಿಕ್ಕಿಲ್ಲ! ಜೆಕ್ಕರು 10-2ರಿಂದ ಸೋತರು. ಮುಂದೆ ಮಿಯಾಮಿಗೆ ಹೋಗಿ ಇಳಿದ ಒಟಾನಿಯ ತಲೆಯ ಮೇಲಿದ್ದದ್ದು ಜೆಕ್ ತಂಡದ ಟೋಪಿ. ನಾಯಕನೇ ಟೋಪಿ ಬದಲಿಸಿದ ಮೇಲೆ ನನ್ನಂಥ ಕಾರ್ಯಕರ್ತನದೇನು?

ಜೆಕ್ಕರು ಮನೆಗೆ ಹೋದ ಮೇಲೆ ನಾನು ಮೆಕ್ಸಿಕೊ ಸೇರಿದೆ. ಅಲ್ಲಿ ರ‍್ಯಾಂಡಿ ಅರೊಸರೇನಾ ಇದ್ದ. ಕ್ಯೂಬಾದಲ್ಲಿ ಹುಟ್ಟಿ, ಸಣ್ಣ ದೋಣಿಯಲ್ಲಿ ಸಮುದ್ರ ದಾಟಿ ಮೆಕ್ಸಿಕೊ ತಲುಪಿದವನು. ಆಶ್ರಯ ಕೊಟ್ಟ ದೇಶಕ್ಕೇ ಆಡುತ್ತೇನೆಂದು ಅದರ ಪೌರತ್ವ ಪಡೆದ. ಅವನದನ್ನು ಪಕ್ಷಾಂತರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸೆಮಿಫೈನಲ್‌ನಲ್ಲಿ ಜಪಾನಿನ ಒಕಾಮೊಟೊ ಹೊಡೆದ ಚೆಂಡು ಗೋಡೆ ದಾಟಿ ಹೋಮ್ ರನ್ ಆಗುವುದರಲ್ಲಿತ್ತು. ಅರೊಸರೇನಾ ಜಿಗಿದು ಗೋಡೆಯಾಚೆಗೆ ಕೈ ಚಾಚಿ ಹಿಡಿದುಬಿಟ್ಟ. ಹಿಡಿದವನು ಕುಣಿಯಲೂ ಇಲ್ಲ, ಏನೂ ನಡೆದಿಲ್ಲವೆಂಬಂತೆ ನೆಟ್ಟಗೆ ನಿಂತ. ಆ ಕ್ಷಣದಲ್ಲಿ ನಾನು ಮೆಕ್ಸಿಕೊದ ಆಜೀವ ಸದಸ್ಯ.

ಆ ಆಜೀವ ಒಂಬತ್ತನೇ ಇನ್ನಿಂಗ್ಸಿಗೆ ಮುಗಿಯಿತು. ಮೆಕ್ಸಿಕೊ 5, ಜಪಾನ್ 4. ಒಟಾನಿ ಚೆಂಡನ್ನು ದೂರಕ್ಕೆ ಬಾರಿಸಿ, ಹೆಲ್ಮೆಟ್ ಕಿತ್ತೆಸೆದು ಓಡಿ, ಎರಡನೇ ಬೇಸಿನ ಮೇಲೆ ನಿಂತು ತನ್ನವರತ್ತ ಎರಡೂ ಕೈ ಎತ್ತಿ ಅರಚಿದ. ನಡುವೆ ಇನ್ನೊಬ್ಬ ಮೊದಲ ಬೇಸಿಗೆ ಹೋದ. ಆಮೇಲೆ ಬಂದವನು ಮುನೆತಾಕ ಮುರಕಾಮಿ. ಹಿಂದಿನ ವರ್ಷ 56 ಹೋಮ್ ರನ್ ಹೊಡೆದು ಜಪಾನಿನಲ್ಲಿ ಹುಟ್ಟಿದ ಆಟಗಾರರ ದಾಖಲೆ ಮುರಿದವನು ಈ ಪಂದ್ಯಾವಳಿಯಲ್ಲಿ ಮುಗ್ಗರಿಸುತ್ತಲೇ ಇದ್ದ. ಆ ದಿನವೇ ಮೂರು ಬಾರಿ ಸ್ಟ್ರೈಕ್‌ಔಟ್ ಆಗಿದ್ದ. ಬೇರೆ ಮ್ಯಾನೇಜರಾಗಿದ್ದರೆ ಕೂರಿಸಿ ಇನ್ನೊಬ್ಬನನ್ನು ಕಳಿಸುತ್ತಿದ್ದರು. ಹಿಡೆಕಿ ಕುರಿಯಾಮ ಕೂರಿಸಲಿಲ್ಲ. ಮುರಕಾಮಿ ಹೊಡೆದ ಚೆಂಡು ಗೋಡೆಗೆ ಅಪ್ಪಳಿಸಿತು. ಒಟಾನಿ ಮನೆ ಮುಟ್ಟಿದ, ಅವನ ಬೆನ್ನಿಗೇ ಮೊದಲ ಬೇಸಿನಿಂದ ಓಡಿಬಂದ ಬದಲಿ ಓಟಗಾರ ಶೂಟೊ ಕೂಡ. 6-5. ಹತ್ತು ದಿನ ಸೋತವನಿಗೆ ಒಂದು ಹೊಡೆತ ದಕ್ಕಿದ್ದನ್ನು ಕಂಡು ನನಗೇ ಗೊತ್ತಿಲ್ಲದೆ ನಾನು ಜಪಾನ್ ಕಡೆ ಕೂತಿದ್ದೆ.

ಫೈನಲ್ ಮಿಯಾಮಿಯಲ್ಲಿ ಮಾರ್ಚ್ 21ರ ರಾತ್ರಿ. ನಮಗದು 22ರ ಬೆಳಗಿನ ಜಾವ, ಅದೂ ಯುಗಾದಿಯ ದಿನ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮೊಬೈಲಿನ ಮುಂದೆ ಕೂತೆ. ಬೆರಳಿನ ಎಣ್ಣೆ ಪರದೆಗೆ ಮೆತ್ತಿ ಆಟಗಾರರೆಲ್ಲ ಮಂಜಿನಲ್ಲಿ ಓಡಾಡಿದಂತೆ ಕಾಣುತ್ತಿತ್ತು. "ನೀರು ಕಾದಿದೆ, ಏಳೋ" ಎಂಬ ಕೂಗು ಬಚ್ಚಲ ಕಡೆಯಿಂದ ಬರುತ್ತಲೇ ಇತ್ತು. ಜಪಾನ್ 3, ಅಮೆರಿಕ 2. ಕೊನೆಯ ಇನ್ನಿಂಗ್ಸಿಗೆ ಒಟಾನಿಯೇ ಚೆಂಡು ಹಿಡಿದು ಬಂದ. ಅದುವರೆಗೆ ಬ್ಯಾಟಿಂಗ್ ಮಾಡಿ ಓಡಿದ್ದ ಮಣ್ಣು ಪ್ಯಾಂಟಿನ ಮೇಲೆ ಹಾಗೇ ಇತ್ತು. ಮೊದಲನೆಯವನಿಗೆ ನಾಲ್ಕು ಬಾಲ್ ಕೊಟ್ಟು ಪುಕ್ಕಟೆ ಬೇಸ್ ಬಿಟ್ಟ. ಮೂಕಿ ಬೆಟ್ಸ್ ಹೊಡೆದ ಒಂದೇ ಚೆಂಡಿಗೆ ಇಬ್ಬರು ಔಟ್. ಉಳಿದವನು ಮೈಕ್ ಟ್ರೌಟ್, ಅಮೆರಿಕದ ನಾಯಕ. ಆಗ ಲಾಸ್ ಏಂಜಲೀಸ್ ಏಂಜಲ್ಸ್ ಕ್ಲಬ್ಬಿನಲ್ಲಿ ಒಟಾನಿಯ ಜೊತೆಗಾರ. ಒಂದೇ ಡಗ್‌ಔಟಿನಲ್ಲಿ ವರ್ಷಗಟ್ಟಲೆ ಕೂತ ಇವರು ಎದುರುಬದುರಾದದ್ದು ಅದೇ ಮೊದಲು.

160 ದಾಟಿದ ವೇಗದ ಎರಡು ಚೆಂಡಿಗೆ ಟ್ರೌಟ್ ಬೀಸಿ ತಪ್ಪಿದ. ಮೂರು ಚೆಂಡು ಆಚೆ ಹೋದವು. ಮೂರು ಬಾಲ್, ಎರಡು ಸ್ಟ್ರೈಕ್, ಇನ್ನೊಂದು ಎಸೆತ. ಒಟಾನಿ ಈ ಸಲ ವೇಗ ತಗ್ಗಿಸಿದ. ನೇರ ಬಂದಂತೆ ಕಂಡ ಚೆಂಡು ಟ್ರೌಟ್‌ನ ಹತ್ತಿರ ಬಂದಾಗ ಒಂದಡಿಗೂ ಮಿಕ್ಕಿ ಪಕ್ಕಕ್ಕೆ ಸರಿಯಿತು. ಬ್ಯಾಟು ಬೀಸಿತು, ಚೆಂಡು ಸಿಗಲಿಲ್ಲ. ಒಟಾನಿ ಕೈಗವಸು ಎಸೆದ, ಟೋಪಿ ಎಸೆದ, ಮಿಕ್ಕವರು ಓಡಿಬಂದು ಅವನ ಮೇಲೆ ಬಿದ್ದರು. ನನಗೆ ಟ್ರೌಟ್‌ನ ಮೇಲೂ ಕನಿಕರ ಹುಟ್ಟಿತ್ತು. ಇನ್ನೊಂದು ಇನ್ನಿಂಗ್ಸ್ ಇದ್ದಿದ್ದರೆ ಅಮೆರಿಕಕ್ಕೂ ಒಮ್ಮೆ ಹೋಗಿಬರುತ್ತಿದ್ದೆ.

ಪಕ್ಷ ಬಿಟ್ಟವನಿಗೆ ನಿಷ್ಠೆಯಿಲ್ಲ ಎನ್ನುವವರಿಗೆ ಒಂದು ಮಾತು. ಹನ್ನೆರಡು ದಿನದಲ್ಲಿ ಮೂರು ದೇಶಗಳಿಗೆ ಮನಸಾರೆ ಕೂಗಿದ್ದೇನೆ, ಒಂದಕ್ಕೂ ಕೆಟ್ಟದ್ದು ಬಯಸಿಲ್ಲ. ಕ್ರಿಕೆಟ್ಟಿನಲ್ಲಿ ಇದು ನನ್ನಿಂದ ಒಂದು ದಿನವೂ ಆಗಿಲ್ಲ. ನಿಮಗೂ ಮನಸ್ಸಿದ್ದರೆ ಮುಂದಿನ ಸಲ ಒಂದು ಕೈ ನೋಡಿ. ಟೋಕಿಯೊದ ಸಂಜೆ ಏಳರ ಪಂದ್ಯ ನಮ್ಮಲ್ಲಿ ಮಧ್ಯಾಹ್ನ ಮೂರೂವರೆಗೆ ಶುರು. ಊಟದ ನಂತರದ ನಿದ್ದೆ ಮುಗಿಸಿಯೂ ನೋಡಬಹುದು. ಆದರೆ ಗೆಲ್ಲುವ ತಂಡವನ್ನು ಮೊದಲೇ ಸೇರಬೇಡಿ, ಅಲ್ಲಿಂದ ಹೊರಡಲು ಕಾರಣವೇ ಸಿಗುವುದಿಲ್ಲ.