ಒಂದು ಬೆಡ್‌ರೂಮು, ಎರಡು ಬೆಕ್ಕು

(1/4)

ಸ್ಟೋರಿ ನೋಡಿದವರೆಲ್ಲ ಕೇಳ್ತಿರೋದು ಒಂದೇ: "ಬೀರು ಮೇಲೆ ಕೂತಿರೋ ಆ ಕಪ್ಪು ಮೇಡಂ ಯಾರು?"

ಅವಳು ಸುಬ್ಬಿ. ನಮ್ಮಜ್ಜಿಯ ಬೆಕ್ಕು. ವಯಸ್ಸು 7. ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಅಜ್ಜ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅಜ್ಜಿ ಒಬ್ಬರೇ ಇರೋದು ಬೇಡ ಅಂತ ಅಪ್ಪ, ಚಿಕ್ಕಪ್ಪ ಸೇರಿ ತೀರ್ಮಾನ ಮಾಡಿದ್ರು. ಅಜ್ಜಿ ಹಾಕಿದ ಕಂಡೀಷನ್ ಒಂದೇ, ಸುಬ್ಬಿಯೂ ಬರ್ತಾಳೆ. ಸಂಕ್ರಾಂತಿ ಮುಗಿದ ವಾರ ಇಬ್ಬರೂ ಬೆಂಗಳೂರಿಗೆ ಬಂದಿಳಿದರು.

ನಮ್ಮದು ಬಾಡಿಗೆ ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಬಟ್ಟೆ ಒಗೆಯೋಕೆ ಇಷ್ಟೇ ಇಷ್ಟು ಯುಟಿಲಿಟಿ. ಅದಕ್ಕೆಲ್ಲ ನಾಲ್ಕು ವರ್ಷದಿಂದ ಬಿಸ್ಕೆಟ್ ಒಬ್ಬನೇ ಯಜಮಾನ. ಬುಟ್ಟಿಯ ವಾಸನೆ ಬಾಗಿಲಲ್ಲೇ ಸಿಕ್ಕಿತು ಅಂತ ಕಾಣುತ್ತೆ, ಬಾಲ ಬಾಟಲ್ ಬ್ರಷ್ ಥರ ಉಬ್ಬಿಹೋಯ್ತು.

ಕೆಳಗಿನ ಮನೆಯಲ್ಲಿರೋ ಓನರ್ ಮೊದಲ ದಿನವೇ ಹೇಳಿದ್ರು, ರಾತ್ರಿ ಗಲಾಟೆ ಆಗಬಾರದು. ಅಮ್ಮ ಗಡುವು ಕೊಟ್ಟರು: ಯುಗಾದಿವರೆಗೆ ನೋಡೋಣ, ಹೊಂದಿಕೊಳ್ಳದಿದ್ರೆ ಸುಬ್ಬಿನ ಊರಿಗೆ ಕಳಿಸೋದು. ಊರಿಗೆ ಅಂದ್ರೆ ಬೀಗ ಹಾಕಿರೋ ಮನೆಗೆ. ಪಕ್ಕದ ಮನೆಯವರು ದಿನಾ ಒಂದು ಲೋಟ ಹಾಲು ಇಡ್ತಾರಂತೆ.

ಅಜ್ಜಿ ಏನೂ ಹೇಳಲಿಲ್ಲ. ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡರು.

(2/4)

"ಎರಡನ್ನೂ ಒಂದು ರೂಮಿಗೆ ಬಿಟ್ಟು ಬಾಗಿಲು ಹಾಕು, ಕಚ್ಚಾಡಿಕೊಂಡು ತಾವೇ ಸರಿಹೋಗ್ತವೆ." ಈ ಸಲಹೆ ಕನಿಷ್ಠ ಐದು ಜನರಿಂದ ಬಂತು. ಇದಕ್ಕಿಂತ ಕೆಟ್ಟ ಐಡಿಯಾ ನಾನು ಕೇಳಿಲ್ಲ. ಬೆಕ್ಕುಗಳು ಜಗಳ ಆಡಿ ರಾಜಿ ಆಗೋ ಜಾತಿ ಅಲ್ಲ. ಮೊದಲ ಭೇಟಿಯಲ್ಲೇ ಉಗುರು ಬಿದ್ದರೆ ಆ ಭಯ ತಿಂಗಳುಗಟ್ಟಲೆ ಹೋಗಲ್ಲ.

ಅಜ್ಜಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಹೊಸ ದನ ತಂದ್ರೆ ಕೊಟ್ಟಿಗೇಲಿ ಅಂಚಿಗೆ ಕಟ್ತಿದ್ವಿ. ಒಂದಕ್ಕೊಂದು ವಾಸನೆ ಆಗಬೇಕು ಮೊದಲು" ಅಂದ್ರು. ನಾನು ಗಂಟೆಗಟ್ಟಲೆ ವೀಡಿಯೊ ನೋಡಿ ತಿಳಿದುಕೊಂಡಿದ್ದೂ ಅದೇ!

ರೂಮು ಸುಬ್ಬಿಗೆ, ಹಾಲು ಬಿಸ್ಕೆಟ್‌ಗೆ. ನಡುವೆ ಮುಚ್ಚಿದ ಬಾಗಿಲು. ಬೆಕ್ಕಿನ ಕೆನ್ನೆ, ಗಲ್ಲದಲ್ಲಿ ವಾಸನೆಯ ಗ್ರಂಥಿಗಳಿರ್ತವೆ. ನಿಮ್ಮ ಕಾಲಿಗೆ ಮುಖ ಉಜ್ಜುತ್ತಲ್ಲ, ಅದು ಬರೀ ಪ್ರೀತಿ ಅಲ್ಲ, "ಇದು ನಂದು" ಅಂತ ಹಾಕೋ ಮುದ್ರೆ. ಹಾಗಾಗಿ ನಾನು ಹಳೇ ಕಾಲುಚೀಲ ತಗೊಂಡು ಸುಬ್ಬಿಯ ಕೆನ್ನೆ ಒರೆಸಿ ಬಿಸ್ಕೆಟ್ ಊಟದ ತಟ್ಟೆ ಹತ್ತಿರ ಇಡೋದು, ಅವನ ಕೆನ್ನೆ ಒರೆಸಿದ್ದನ್ನ ಅವಳ ಹತ್ತಿರ. ಮೊದಲ ದಿನ ಅವನು ಕಾಲುಚೀಲಕ್ಕೇ ಬುಸ್ ಅಂದ. ಐದನೇ ದಿನ ಅದರ ಮೇಲೇ ಮಲಗಿದ್ದ.

ಊಟ ಇಬ್ಬರಿಗೂ ಬಾಗಿಲ ಆಚೆ ಈಚೆ, ಒಂದೇ ಹೊತ್ತಿಗೆ. ಮೊದಲು ಬಾಗಿಲಿಂದ ನಾಲ್ಕು ಹೆಜ್ಜೆ ದೂರ, ಆಮೇಲೆ ದಿನಾ ಒಂಚೂರು ಹತ್ತಿರ. ಬುಸ್ ಅಂದ್ರೆ ಮತ್ತೆ ಹಿಂದಕ್ಕೆ. ಬೈಯೋದು, ನೀರು ಚಿಮುಕಿಸೋದು ಬೇಡ. "ಹತ್ತಿರ ಬರಬೇಡ" ಅಂತ ಹೇಳೋಕೆ ಬೆಕ್ಕಿಗಿರೋ ಮರ್ಯಾದಸ್ಥ ದಾರಿ ಅದು. ಅದನ್ನೂ ಬಾಯಿಮುಚ್ಚಿಸಿದ್ರೆ ಉಳಿಯೋದು ಪಂಜ.

ಸುಬ್ಬಿ ಮೊದಲ ದಿನ ಏನೂ ಮುಟ್ಟಲಿಲ್ಲ. ಬೆಕ್ಕು ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಲಿವರಿಗೆ ಕೊಬ್ಬು ತುಂಬಿ ಜೀವಕ್ಕೇ ಬರಬಹುದು, ಆದ್ದರಿಂದ ನನಗೆ ಎದೆ ಡವಡವ. ಎರಡನೇ ದಿನ ಅಜ್ಜಿ ಮಂಚದ ಕೆಳಗೆ ಬಗ್ಗಿ, ಬೇಯಿಸಿದ ಮೀನನ್ನ ಬೆರಳಲ್ಲಿ ಕೊಟ್ಟರು. ಇವರದು ಸಸ್ಯಾಹಾರದ ಅಡುಗೆಮನೆ ಅನ್ನೋದನ್ನ ಅವತ್ತು ಯಾರೂ ನೆನಪಿಸಲಿಲ್ಲ. ಸುಬ್ಬಿ ತಿಂದಳು. ಅಜ್ಜಿಯೂ ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡರು.

(3/4)

ಎರಡನೇ ವಾರ ಬಾಗಿಲು ಒಂದು ಇಂಚು ತೆರೆದು ನೋಡಿದ್ವಿ. ಮೂರನೇ ವಾರ ಅಪ್ಪ ಬಾಗಿಲಿಗೆ ಸೊಳ್ಳೆ ಜಾಲರಿ ಹೊಡೆದರು. ಜಗಳ ಇಲ್ಲ, ಸದ್ದಿಲ್ಲ. ಮನೆಯವರೆಲ್ಲ ಮುಗೀತು ಅಂದುಕೊಂಡು ದಿನಕ್ಕೆ ಹತ್ತು ನಿಮಿಷ ಇಬ್ಬರನ್ನೂ ಹಾಲಿಗೆ ಬಿಡೋಕೆ ಶುರು ಮಾಡಿದ್ವಿ.

ಅಸಲಿ ಜಗಳ ಶುರುವಾಗಿದ್ದು ಆಗ. ಅದಕ್ಕೆ ಸದ್ದೇ ಇರಲಿಲ್ಲ.

ಸುಬ್ಬಿ ಬಚ್ಚಲುಮನೆ ಬಾಗಿಲಲ್ಲಿ ಸುಮ್ಮನೆ ಕೂರೋಳು. ನೋಡಿದವರಿಗೆ "ಪಾಪ ಎಷ್ಟು ಶಾಂತ" ಅನ್ನಿಸಬೇಕು. ಆದ್ರೆ ಬಿಸ್ಕೆಟ್‌ನ ಲಿಟ್ಟರ್ ಟ್ರೇ ಇದ್ದದ್ದು ಬಚ್ಚಲಲ್ಲಿ. ಅವಳು ಕಣ್ಣು ಮಿಟುಕಿಸದೆ ನೋಡೋಳು, ಅವನು ಅರ್ಧ ದಾರಿಗೆ ಬಂದು ವಾಪಸ್ ಹೋಗೋನು. ಗೊತ್ತಿಟ್ಟುಕೊಳ್ಳಿ, ಬೆಕ್ಕಿನ ಲೋಕದಲ್ಲಿ ದಾರಿ ತಡೆಯೋದು ಕೂಡ ಹೊಡೆತವೇ.

ಒಂದು ರಾತ್ರಿ ಬಿಸ್ಕೆಟ್ ಮೇಲಿಂದ ಮೇಲೆ ಟ್ರೇಗೆ ಹೋಗಿ ಬಾಗಿ ಕೂರ್ತಿದ್ದ. ಬರ್ತಿದ್ದದ್ದು ಎರಡು ಹನಿ. ಸಣ್ಣಗೆ ಅಳ್ತಿದ್ದ. ಗಂಡು ಬೆಕ್ಕಿಗೆ ಉಚ್ಚೆ ಕಟ್ಟಿದ್ರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ, ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ಈ ಪೋಸ್ಟ್‌ನಲ್ಲಿ ಬೇರೆ ಎಲ್ಲ ಮರೆತರೂ ಇದೊಂದು ನೆನಪಿರಲಿ. ಅಪ್ಪ ಆಟೋ ಹಿಡಿದ್ರು. ರಾತ್ರಿ ತೆರೆದಿರೋ ಕ್ಲಿನಿಕ್ಕಲ್ಲಿ ಡಾಕ್ಟರ್ ಹೊಟ್ಟೆ ಒತ್ತಿ ನೋಡಿ, ಪೂರ್ತಿ ಕಟ್ಟಿಲ್ಲ, ಒತ್ತಡಕ್ಕೆ ಮೂತ್ರಕೋಶ ಊದಿಕೊಂಡಿದೆ ಅಂದ್ರು. ನೋವಿಗೆ ಔಷಧ, ಹೆಚ್ಚು ನೀರು, ಒಣ ಕಾಳಿನ ಬದಲು ನೀರಿರೋ ಊಟ. ಆಮೇಲೆ ಕೇಳಿದ್ರು: "ಮನೇಲಿ ಟ್ರೇ ಎಷ್ಟಿದೆ?"

ಎರಡು ಬೆಕ್ಕಿಗೆ ಮೂರು ಬೇಕಂತೆ. ಅದೂ ಬೇರೆ ಬೇರೆ ಕಡೆ. ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ.

ಆಟೋದಲ್ಲಿ ವಾಪಸ್ ಬರೋವಾಗ ಅಪ್ಪ ಮಾತಾಡಲಿಲ್ಲ. ಮನೇಲಿ ಅಜ್ಜಿ ಲೈಟ್ ಹಾಕಿಕೊಂಡು ಕೂತಿದ್ರು. "ನನ್ನ ಬೆಕ್ಕಿಂದ ನಿಮ್ಮ ಬೆಕ್ಕಿಗೆ ಹೀಗಾಯ್ತಲ್ಲ. ಕಳಿಸಿಬಿಡಿ" ಅಂದ್ರು. ಮೂರು ವಾರ ನಮ್ಮ ಜೊತೆ ಇದ್ದ ಮೇಲೂ ಅಜ್ಜಿ ಬಾಯಲ್ಲಿ "ನಿಮ್ಮ" ಅಂತ ಬಂತು. ಅಮ್ಮ ಬಿಸ್ಕೆಟ್‌ನ ಕೈಗೆತ್ತಿಕೊಂಡು, "ಅತ್ತೆ, ಇನ್ನೂ ಯುಗಾದಿ ಬಂದಿಲ್ಲ" ಅಂದ್ರು.

(4/4)

ನೆಲ ಸಾಲದಿದ್ರೆ ಗೋಡೆ ಇದೆಯಲ್ಲ. ಸಣ್ಣ ಮನೆಯಲ್ಲಿ ಬೆಕ್ಕಿಗೆ ಚದರಡಿ ಮುಖ್ಯ ಅಲ್ಲ, ಎತ್ತರ ಮುಖ್ಯ. ಬೀರು ಪಕ್ಕ ಒಂದು ಸ್ಟೂಲು, ಅದರ ಪಕ್ಕ ಹಳೇ ಟ್ರಂಕು. ಬೀರು ಮೇಲೆ ಅಜ್ಜಿಯ ಹರಿದ ಸೀರೆ ಮಡಚಿ ಹಾಕಿದ್ವಿ. ಅರ್ಧ ದಿನದಲ್ಲಿ ಸುಬ್ಬಿ ಅಲ್ಲಿಗೆ ಶಿಫ್ಟ್. ಮೇಲಿಂದ ಇಡೀ ಮನೆ ಕಾಣುತ್ತಲ್ಲ, ಬಚ್ಚಲ ಬಾಗಿಲು ಕಾಯೋ ಕೆಲಸ ತಾನಾಗೇ ನಿಂತುಹೋಯ್ತು. ಟ್ರೇ ಒಂದು ಬಚ್ಚಲಲ್ಲಿ, ಒಂದು ಯುಟಿಲಿಟಿಯಲ್ಲಿ, ಒಂದು ಮಂಚದ ಕೆಳಗೆ. ಮೂರನೆಯದು ಅಂದ್ರೆ ಹಳೇ ಪ್ಲಾಸ್ಟಿಕ್ ಟಬ್ಬು, ಖರ್ಚಿಲ್ಲ. ಅಮ್ಮನಿಗೆ ಮಂಚದ ಕೆಳಗಿನದ್ದು ಇವತ್ತಿಗೂ ಇಷ್ಟ ಇಲ್ಲ.

ಊಟದ ತಟ್ಟೆ ಎರಡು, ಒಂದಕ್ಕೊಂದು ಕಾಣದ ಹಾಗೆ. ಮೂಲೆಯಲ್ಲಿ ಏನೂ ಇಡಲ್ಲ, ಹಿಂದೆ ಸರಿಯೋಕೆ ದಾರಿ ಇರಬೇಕು. ಸಂಜೆ ಹಗ್ಗ ಎಳೆದು ಇಬ್ಬರನ್ನೂ ಆಡಿಸ್ತೀನಿ, ಅವನು ಒಂದು ಕಡೆ, ಅವಳು ಇನ್ನೊಂದು ಕಡೆ. ಸುಸ್ತಾದ ಬೆಕ್ಕಿಗೆ ಶತ್ರು ಬೇಕಾಗಿರಲ್ಲ. ಎರಡಕ್ಕೂ ಆಪರೇಷನ್, ಲಸಿಕೆ ಮೊದಲೇ ಆಗಿತ್ತು, ಅದು ಆಗಿರಲೇಬೇಕು.

ಒಬ್ಬ ಆಂಟಿ "ನೀಲಗಿರಿ ಎಣ್ಣೆ ಚಿಮುಕಿಸು, ಶಾಂತ ಆಗ್ತವೆ" ಅಂದ್ರು. ದಯವಿಟ್ಟು ಬೇಡ, ಅದು ಬೆಕ್ಕಿಗೆ ವಿಷ. ಫಿನಾಯಿಲೂ ಅಷ್ಟೇ, ನೆಲ ಒರೆಸೋದು ಬದಲಾಯಿಸಿ.

ಯುಗಾದಿ ದಿನ ಯಾರೂ ಗಡುವಿನ ಮಾತೆತ್ತಲಿಲ್ಲ. ಅಮ್ಮ ಹೋಳಿಗೆ ತಟ್ಟುತ್ತಿದ್ರು. ಬಿಸ್ಕೆಟ್ ಕಿಟಕಿ ಹತ್ತಿರ, ಸುಬ್ಬಿ ಬೀರು ಮೇಲೆ.

ಇಬ್ಬರೂ ಫ್ರೆಂಡ್ಸ್ ಆದ್ರಾ ಅಂತ ಕೇಳೋರಿಗೆ: ಇಲ್ಲ. ತಬ್ಬಿಕೊಂಡು ಮಲಗಿರೋ ಫೋಟೋ ನನ್ನ ಹತ್ತಿರ ಇಲ್ಲ, ಬರುತ್ತೆ ಅಂತ ಕಾಯ್ತಾನೂ ಇಲ್ಲ. ಬೆಳಗ್ಗೆ ಕಿಟಕಿ ಬಿಸಿಲು ಅವನದು, ಮಧ್ಯಾಹ್ನ ಯುಟಿಲಿಟಿ ಬಿಸಿಲು ಅವಳದು. ಎದುರಾದ್ರೆ ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಡ್ತಾರೆ. ಮಧ್ಯಾಹ್ನ ಅಜ್ಜಿ ಮಲಗಿದಾಗ ಕಾಲ ಹತ್ತಿರ ಅವನು, ತಲೆ ಹತ್ತಿರ ಅವಳು. ನಡುವೆ ಪೂರ್ತಿ ಅಜ್ಜಿ.

ಹೋದ ವಾರ ಅಜ್ಜಿ ಚಿಕ್ಕಪ್ಪನಿಗೆ ಫೋನ್ ಮಾಡಿ, ಊರಲ್ಲಿ ಸುಬ್ಬಿ ಮಲಗ್ತಿದ್ದ ಬೆತ್ತದ ಬುಟ್ಟಿ ಕಳಿಸು ಅಂದ್ರು. ರಾತ್ರಿ ಬಸ್ಸಲ್ಲಿ ಡ್ರೈವರ್ ಕೈಲಿ ಬಂತು, ಬೆಳಗ್ಗೆ ನಾನೇ ಹೋಗಿ ತಂದೆ. ಸುಬ್ಬಿ ಮೂಸಿ ನೋಡಿ ಬೀರು ಹತ್ತಿದಳು. ಬುಟ್ಟಿಯಲ್ಲಿ ಈಗ ಬಿಸ್ಕೆಟ್ ಮಲಗ್ತಾನೆ.