ಉಳಿಯ ವಿವೇಕ

ಮನೆಯ ಬಾಗಿಲಿನ ನಾಮಫಲಕವು ಅಲ್ಪವಸ್ತುವೆಂದು ತೋರಬಹುದು. ಆದರೆ ಮನೆ ಕಟ್ಟಿದ ಹಿರಿಯರ ಹೆಸರು ಮಕ್ಕಳ ಕಾಲಕ್ಕೂ ನಿಲ್ಲಬೇಕಾದುದು ಅದರ ಮೇಲೆಯೇ. ಅಕ್ಷರವೆಂದರೆ ನಾಶವಿಲ್ಲದುದೆಂದು ಅರ್ಥ. ಅಂತಹ ಅಕ್ಷರವನ್ನು ಈಗ ಅನೇಕ ಕಡೆ ರೌಟರ್ ಯಂತ್ರವು ಕೊರೆಯುತ್ತದೆ. ಅಂಚು ಸಿಬಿರೆದ್ದು, ಗೆರೆ ಸುಟ್ಟು ಕರಿದಾಗಿ ಬಂದ ಫಲಕವನ್ನು ಕಂಡವರು ಯಂತ್ರವನ್ನು ಹಳಿಯುವರು, ಇಲ್ಲವೆ ಮರವನ್ನು. ದೋಷವಾದರೋ ಬಹುವೇಳೆ ಬೆರಳುದ್ದದ ಉಳಿಯ ಆಯ್ಕೆಯಲ್ಲಿರುವುದು.

ಸಾಗರ, ಸೊರಬಗಳ ಗುಡಿಗಾರನು ಗಂಧದ ಮರವನ್ನು ಕೆತ್ತುವಾಗ, ಎಳೆಯು ಎದುರು ತಿರುಗಿದರೆ ಅದು ಅವನ ಕೈಗೆ ಒಡನೆಯೇ ತಿಳಿಯುವುದು. ಏಟನ್ನು ತಗ್ಗಿಸುವನು, ಉಳಿಯನ್ನು ಬದಲಿಸುವನು. ಯಂತ್ರಕ್ಕೆ ಈ ಸ್ಪರ್ಶಜ್ಞಾನವಿಲ್ಲ; ಹೇಳಿದಂತೆ ನಡೆಯುವುದಷ್ಟೇ ಅದರ ಧರ್ಮ. ಆದಕಾರಣ ಗುಡಿಗಾರನು ಕೆಲಸದ ನಡುವೆ ತೋರುವ ವಿವೇಕವನ್ನು ಯಂತ್ರದವನು ಕೆಲಸಕ್ಕೆ ಮೊದಲೇ ತೋರಬೇಕಾಗುವುದು.

ಮೊದಲು ದ್ರವ್ಯವನ್ನು ನೋಡತಕ್ಕದ್ದು. ತೇಗದ ಮರದಲ್ಲಿ ಸಿಲಿಕಾ ಎಂಬ ಮರಳಿನ ಅಂಶವುಂಟು. ಉಕ್ಕಿನ ಅಲಗು ಅದರಿಂದ ಬೇಗನೆ ಮೊಂಡಾಗುವುದು. ಅಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಉಳಿಯೇ ಮೇಲು. ಆದರೆ ಕಾರ್ಬೈಡು ಕಠಿನವೂ ಹೌದು, ಭಂಗುರವೂ ಹೌದು. ಅದುರುವ ಯಂತ್ರದಲ್ಲಿ ಥಟ್ಟನೆ ಮುರಿಯಬಲ್ಲುದು. ಪ್ಲೈವುಡ್ಡಿನಲ್ಲಿ ಹೊಟ್ಟನ್ನು ಮೇಲಕ್ಕೆಳೆಯುವ ಸುರುಳಿಯುಳಿಯು ಮೇಲಂಚಿನಲ್ಲಿ ಸಿಬಿರೆಬ್ಬಿಸುವುದು. ಕೆಳಕ್ಕೊತ್ತುವ ಸುರುಳಿಯು ಅಂಚನ್ನು ಕಾಪಾಡಿ, ತೋಡಿನಲ್ಲಿ ಹೊಟ್ಟನ್ನು ತುಂಬುವುದು. ನಿರ್ದೋಷವಾದ ಉಳಿ ಇಲ್ಲ. ಆ ಕೆಲಸಕ್ಕೆ ಸಲ್ಲುವ ಉಳಿ ಮಾತ್ರ ಉಂಟು.

ಬಳಿಕ ಅಕ್ಷರದ ಗಾತ್ರ. ಕೆತ್ತನೆಗೆ ಕೋನಮೊನೆಯ ಉಳಿಯನ್ನು ಬಳಸುವರು. 2 ಮಿಲಿಮೀಟರ್ ಅಗಲದ ಗೆರೆಯಲ್ಲಿ 90 ಡಿಗ್ರಿಯ ಮೊನೆಯು 1 ಮಿಲಿಮೀಟರ್ ಆಳಕ್ಕಿಳಿದರೆ, 60 ಡಿಗ್ರಿಯದು ಸುಮಾರು 1.7 ಮಿಲಿಮೀಟರ್ ಇಳಿಯುವುದು. ಕನ್ನಡದ ಸಣ್ಣ ಒತ್ತಕ್ಷರಗಳು ದೂರದಿಂದ ಸ್ಫುಟವಾಗಿ ಕಾಣಬೇಕಾದರೆ ಈ ಆಳದ ನೆರಳು ಬೇಕು.

ಕಡೆಯದು ವೇಗ. ನಿಮಿಷಕ್ಕೆ 18,000 ಸುತ್ತು ತಿರುಗುವ ಎರಡಲಗಿನ ಉಳಿಯಲ್ಲಿ ಪ್ರತಿಯೊಂದು ಅಲಗೂ ಸುತ್ತಿಗೆ 0.1 ಮಿಲಿಮೀಟರ್ ಕತ್ತರಿಸಬೇಕಾದರೆ, ಉಳಿಯು ನಿಮಿಷಕ್ಕೆ 3,600 ಮಿಲಿಮೀಟರ್ ಸಾಗಬೇಕು. ಅಂಜಿ ತೀರ ನಿಧಾನವಾಗಿ ನಡೆಸಿದರೆ ಅಲಗು ಕತ್ತರಿಸದೆ ಉಜ್ಜುವುದು. ಉಜ್ಜಿದ ಮರ ಸುಡುವುದು. ಅತಿಯಾದ ಎಚ್ಚರಿಕೆಯೂ ಕೆಡುಕನ್ನು ಮಾಡಬಲ್ಲುದೆಂಬುದಕ್ಕೆ ಆ ಕರಿಯ ಗೆರೆಯೇ ಸಾಕ್ಷಿ.

ಪಾಟಿಯ ಮೇಲಿನ ತಪ್ಪನ್ನು ಒರಸಬಹುದು. ತೇಗದ ಮೇಲಿನದು ಬಾಗಿಲಲ್ಲಿಯೇ ನಿಲ್ಲುವುದು. ಆದುದರಿಂದ ಫಲಕವನ್ನು ಮಾಡಿಸುವ ಗೃಹಸ್ಥರು ಬೆಲೆಯನ್ನು ಕೇಳುವುದಕ್ಕೆ ಮುಂಚೆ, ಯಾವ ಉಳಿಯಿಂದ ಕೊರೆಯುವಿರೆಂದು ಕೇಳುವುದು ಲೇಸು. ಬಲ್ಲವನಾದರೆ ಅವನು ಒಡನೆ ಉತ್ತರ ಕೊಡನು. ಯಾವ ಮರ, ಎಷ್ಟು ದೊಡ್ಡ ಅಕ್ಷರವೆಂದು ಮರಳಿ ಕೇಳುವನು.